ಎರಡನೇ ಮನೆಯ ಗೋಡೆಮಂಚ

ಅದು ಶುರುವಾದದ್ದು ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಕಾಫಿಯ ಹೊತ್ತಿಗೆ. ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ, ಆದರೆ ಬಿಸಿಲು ಬಂದಿತ್ತು. ಲೈಡನ್ ಊರಿನಲ್ಲಿ ಅಂಥ ಬಿಸಿಲು ಕಂಡ ಕೂಡಲೇ ಹೆಂಗಸರು ಹಾಸಿಗೆ ಹೊದಿಕೆಗಳನ್ನು ಗಾಳಿಗೆ ಹಾಕುತ್ತಾರೆ. ಹೆಮ್ಮಿಂಗ್ ವಠಾರದ ಎರಡನೇ ಮನೆಯ ಕ್ಲಾಸಿನಾ ಕೂಡ ಅದನ್ನೇ ಮಾಡಿದ್ದಳು. ಮುಂಬಾಗಿಲು ತೆರೆದು, ಕಿಟಕಿ ತೆರೆದು, ಗೋಡೆಮಂಚದ ಎರಡು ಕದಗಳನ್ನೂ ಅಗಲವಾಗಿ ತೆರೆದಿಟ್ಟು, ಹಿಂದಿನ ಕೋಣೆಯಲ್ಲಿ ಕಾಫಿ ಸೋಸುತ್ತಿದ್ದಳು.

ಗೋಡೆಮಂಚವೆಂದರೆ ಬೀರುವಿನ ಹಾಗೆ ಗೋಡೆಯೊಳಗೇ ಕೂಡಿಸಿದ ಮಂಚ. ಕದ ಹಾಕಿದರೆ ಒಳಗೆ ಮಂಚವಿದೆ ಎಂದು ಯಾರಿಗೂ ತಿಳಿಯದು. ಹೆಮ್ಮಿಂಗ್ ಎಂಬ ಬಟ್ಟೆ ವ್ಯಾಪಾರಿ ಬಡ ಮುದುಕಿಯರಿಗೆಂದು ಆ ವಠಾರ ಕಟ್ಟಿಸಿದಾಗ ಮನೆಗೊಂದು ಹಾಗೆ ಮಾಡಿಸಿದ್ದನಂತೆ. ಮುನ್ನೂರು ವರ್ಷದ ಮಾತು. ಈಗ ಉಳಿದ ಮನೆಗಳಲ್ಲಿ ಅದು ಇಸ್ತ್ರಿ ಹಲಗೆ, ಪೊರಕೆ, ಕ್ರಿಸ್‌ಮಸ್ ಸಾಮಾನು ತುರುಕುವ ಗೂಡು.

ಕಾಫಿಯ ಲೋಟ ಹಿಡಿದು ತಿರುಗಿದರೆ ನಡುಕೋಣೆಯಲ್ಲಿ ಗುರುತಿಲ್ಲದ ಗಂಡಹೆಂಡತಿ ನಿಂತಿದ್ದರು. ಗಂಡ ಬಲು ಎತ್ತರದ ಆಳು, ತೊಲೆಗೆ ತಲೆ ತಗಲೀತೆಂದು ಕುತ್ತಿಗೆ ಓರೆ ಮಾಡಿಕೊಂಡಿದ್ದ. ಹೆಂಡತಿ ಮಂಚದೊಳಕ್ಕೆ ಮುಖ ಹಾಕಿ ದಿಂಬನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು.

"ಟಿಕೆಟ್ ಎಲ್ಲಿ ತಗೋಬೇಕು ಅಮ್ಮ?" ಎಂದ ಗಂಡ.

"ಯಾವ ಟಿಕೆಟ್ಟು?"

"ಇದನ್ನ ನೋಡೋದಕ್ಕೆ. ನಾವು ಗ್ರೋನಿಂಗನ್‌ನವರು. ಕೋಟೆ ನೋಡಿದ್ವಿ, ಗಾಳಿಗಿರಣಿ ನೋಡಿದ್ವಿ, ಎಲ್ಲಿ ಹೋದ್ರೂ ಸಾಲು. ಯಾರೂ ನೋಡದೇ ಇರೋದು ಏನಾದ್ರೂ ಸಿಗುತ್ತಾ ಅಂತ ಸಂದಿ ಸಂದಿ ನುಗ್ತಾ ಇದ್ವಿ. ಎಷ್ಟು ಚೆನ್ನಾಗಿ ಇಟ್ಟಿದ್ದೀರಿ! ಈಗ್ಲೇ ಯಾರೋ ಎದ್ದು ಹೋದ ಹಾಗಿದೆ."

ಈಗಲೇ ಯಾರೋ ಎದ್ದು ಹೋದದ್ದು ನಿಜವೇ ಆಗಿತ್ತು. ಇದು ನನ್ನ ಮನೆ, ಹೊರಗೆ ನಡೀರಿ ಎನ್ನಲು ಕ್ಲಾಸಿನಾ ಬಾಯಿ ತೆರೆದಳು. ಅಷ್ಟರಲ್ಲಿ ಅಂಗಳದ ಕಲ್ಲುಹಾಸಿನ ಮೇಲೆ ಟಕ್ ಟಕ್ ಎಂದು ಕೋಲಿನ ಸದ್ದಾಯಿತು. ಏಳನೇ ಮನೆಯ ಆಲೈದಾ ಬರುತ್ತಿದ್ದಳು. ವಠಾರಕ್ಕೆ ಹೊರಗಿನವರು ಕಾಲಿಟ್ಟರೆ ಸಾಕು, ಅವಳು ಹೊಸ್ತಿಲಿಗೆ ಬಂದು ನಿಲ್ಲುವುದು ವಾಡಿಕೆ. ಇವತ್ತು ಕಿಟಕಿಯವರೆಗೇ ಬಂದು ಒಳಗೆ ಇಣುಕಿದಳು.

"ಏನೇ ಕ್ಲಾಸಿನಾ, ನಿನ್ನ ಹಾಸಿಗೆ ಗೋಡೆ ಹತ್ತಿ ಕೂತಿದೆಯಲ್ಲ!"

ಕ್ಲಾಸಿನಾ ಕಾಫಿಯ ಲೋಟ ಕೆಳಗಿಟ್ಟಳು. "ಇದಾ? ಇದು ಇವರಿಗೆ ತೋರಿಸೋಕೆ ಕಣೇ," ಎಂದುಬಿಟ್ಟಳು. "ಹಿಂದಿನ ಕಾಲದಲ್ಲಿ ಹೇಗೆ ಮಲಗ್ತಿದ್ರು ಅಂತ."

"ಇವರು ಬರ್ತಾರೆ ಅಂತ ಕನಸು ಬಿದ್ದಿತ್ತಾ?"

"ಇವರಲ್ಲದಿದ್ರೆ ಇನ್ನೊಬ್ಬರು. ಊರಿಗೆ ಜನ ಬರೋದು ಕಡಿಮೆಯಾ?"

ಆಲೈದಾ ಮೂಗು ಮೇಲೆತ್ತಿ, ಮಂಚವನ್ನೊಮ್ಮೆ ಕ್ಲಾಸಿನಾಳನ್ನೊಮ್ಮೆ ನೋಡಿ, ಕೋಲು ಕುಟ್ಟುತ್ತ ಹಿಂದಕ್ಕೆ ಹೋದಳು. ಹೇಳಿದ ಸುಳ್ಳಿಗೆ ತಕ್ಕಂತೆ ನಡೆದುಕೊಳ್ಳದೆ ಬೇರೆ ದಾರಿ ಇರಲಿಲ್ಲ. ಕ್ಲಾಸಿನಾ ಆ ಗಂಡಹೆಂಡತಿಯನ್ನು ಕೂರಿಸಿ ಕಾಫಿ ಕೊಟ್ಟಳು. ತಲೆಗೊಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿದಳು. ಮಂಚ ಇಷ್ಟು ಗಿಡ್ಡ ಯಾಕೆಂದು ಗಂಡ ಕೇಳಿದ. ಹಿಂದಿನವರು ಪೂರ್ತಿ ಮಲಗುತ್ತಿರಲಿಲ್ಲ, ದಿಂಬಿಗೆ ಒರಗಿ ಅರ್ಧ ಕೂತೇ ನಿದ್ದೆ ಮಾಡುತ್ತಿದ್ದರು, ಉದ್ದಕ್ಕೆ ಮಲಗುವುದು ಸತ್ತವರು ಮಾತ್ರ ಎಂದು ನಂಬಿದ್ದರು ಎಂದು ಅವಳು ಅಜ್ಜಿಯ ಬಾಯಿಂದ ಕೇಳಿದ್ದನ್ನು ಹೇಳಿದಳು. ಹೆಂಡತಿ ಅಯ್ಯೋ ಎಂದಳು. ಹೋಗುವಾಗ ಇಬ್ಬರೂ ಕೈಕುಲುಕಿ, ಊರಿನಲ್ಲಿ ಇವತ್ತು ನೋಡಿದ್ದರಲ್ಲೆಲ್ಲ ಇದೇ ಚಂದ ಎಂದು ಹೇಳಿ ಹೋದರು.

ಕ್ಲಾಸಿನಾ ಆ ಮಂಚದಲ್ಲಿ ಮಲಗಲು ಶುರುಮಾಡಿ ಒಂದು ಚಳಿಗಾಲವೇ ಕಳೆದಿತ್ತು. ಅವಳ ಬಲಮಂಡಿ ಕೈಕೊಟ್ಟಿತ್ತು. ಆ ಮನೆಗಳ ಮೆಟ್ಟಿಲೋ ಏಣಿಗೆ ತಂಗಿಯಂತೆ. ಹಗ್ಗ ಹಿಡಿದು ಹತ್ತಬೇಕು, ಬೆನ್ನು ಹಿಂದೆ ಮಾಡಿ ಇಳಿಯಬೇಕು. ಡಿಸೆಂಬರಿನಲ್ಲಿ ಒಂದು ಸಂಜೆ ಅರ್ಧ ಹತ್ತಿದವಳು ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಬರಲಾರದೆ, ಒಲೆಯ ಮೇಲಿನ ಆಲೂಗಡ್ಡೆ ಸೀದು ಹೋಗುವವರೆಗೆ ಅಲ್ಲೇ ಕೂತಿದ್ದಳು. ಮಾರನೆಯ ದಿನ ಗೋಡೆಗೂಡಿನ ಸಾಮಾನೆಲ್ಲ ತೆಗೆದು, ಮೊಮ್ಮಗಳು ಬಂದಾಗ ಹಾಸುವ ತೆಳು ಹಾಸಿಗೆಯನ್ನು ಅಲ್ಲಿ ಹಾಕಿಕೊಂಡಳು. ಮಹಡಿಗೆ ಮತ್ತೆ ಹೋಗಲಿಲ್ಲ.

ಇದನ್ನು ಯಾರಿಗೂ ಹೇಳುವಂತಿರಲಿಲ್ಲ. ವಠಾರದ ಧರ್ಮದರ್ಶಿಗಳ ಕಟ್ಟಳೆ ಬಲು ಹಳೆಯದು: ಇಲ್ಲಿ ಇರುವವಳು ತನ್ನ ಮನೆಯನ್ನು ತಾನೇ ಹತ್ತಿ ಇಳಿದು ನೋಡಿಕೊಳ್ಳಬೇಕು. ಆಗದವಳು ಊರಾಚೆ ಹೆದ್ದಾರಿಯ ಪಕ್ಕದ ವೃದ್ಧಾಶ್ರಮಕ್ಕೆ ಹೋಗಬೇಕು. ಐದನೇ ಮನೆಯ ಫೆಮ್ಮಿ ಹಾಗೆ ಹೋದವಳೇ. ಕ್ಲಾಸಿನಾ ಅವಳನ್ನು ನೋಡಲು ಹೋಗಿದ್ದಾಗ ಅಲ್ಲಿ ಲಿಫ್ಟ್ ಇತ್ತು, ನಲ್ಲಿ ತಿರುಗಿಸಿದರೆ ಬಿಸಿನೀರಿತ್ತು, ಗೋಡೆಗುಂಟ ಹಿಡಿಕೆಗಳಿದ್ದವು. "ಒಳ್ಳೇ ಜಾಗ ಕಣೇ, ಒಂದೂ ಕೊರತೆ ಇಲ್ಲ," ಎಂದಿದ್ದಳು ಫೆಮ್ಮಿ. "ಜಗಳ ಆಡೋಕೂ ಯಾರೂ ಬರಲ್ಲ." ಆ ಮಾತನ್ನು ಕ್ಲಾಸಿನಾ ಮರೆತಿರಲಿಲ್ಲ.

ಮೆಟ್ಟಿಲಿಲ್ಲದ ಮನೆ ಇಡೀ ವಠಾರದಲ್ಲಿ ಒಂದೇ, ಆಲೈದಾಳದು. ಹಿಂದೆ ಅದು ಎಲ್ಲರೂ ಬಟ್ಟೆ ಒಗೆಯುವ ಕೋಣೆಯಾಗಿತ್ತು, ಆಮೇಲೆ ಮನೆ ಮಾಡಿದರು. ಆಲೈದಾ ಹಿಮದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಅದನ್ನು ಅವಳಿಗೆ ಕೊಟ್ಟಿದ್ದರು. ಅಂದಿನಿಂದ ಅವಳು ಕೋಲಿಲ್ಲದೆ ಹೊಸ್ತಿಲು ದಾಟಿದವಳಲ್ಲ. ಬಡಗಣ ಮೂಲೆಯ ಮನೆ, ಬಿಸಿಲು ಬೀಳದು. ಕ್ಲಾಸಿನಾಳ ಕಿಟಕಿಯಲ್ಲಿ ಅರಳುವ ಜೆರೇನಿಯಂ ಹೂಗಳನ್ನು ನೋಡಿದಾಗೆಲ್ಲ ಅವಳು ಏನಾದರೊಂದು ಕೊಂಕು ಆಡುತ್ತಿದ್ದಳು.

ಗುಟ್ಟು ಕಾಯುವುದು ಸುಲಭವೂ ಅಲ್ಲ. ಅಲ್ಲಿನವರು ಕಿಟಕಿಗೆ ಪರದೆ ಎಳೆಯುವುದಿಲ್ಲ. ಎಳೆದರೆ ಒಳಗೇನೋ ನಡೆಯುತ್ತಿದೆ ಎಂದು ನಾಲ್ಕು ಜನ ಕೇಳುತ್ತಾರೆ. ಕ್ಲಾಸಿನಾ ದೀಪ ಆರಿಸಿ, ಕತ್ತಲಲ್ಲೇ ಬಟ್ಟೆ ಬದಲಿಸಿ, ಗೂಡಿಗೆ ಹತ್ತಿ ಒಳಗಿನಿಂದ ಕದ ಎಳೆದುಕೊಳ್ಳುತ್ತಿದ್ದಳು. ತೀರಿಹೋದ ಗಂಡ ಬರೆಂಡ್ ಕಾಲುವೆಯಲ್ಲಿ ದೋಣಿ ಬಂದಾಗ ಸೇತುವೆ ಎತ್ತುವ ಕೆಲಸದಲ್ಲಿದ್ದವನು. ಅವನ ಕಾವಲು ಗೂಡೂ ಇಷ್ಟೇ ಇತ್ತಲ್ಲ ಎಂದು ನೆನೆದುಕೊಂಡು ನಿದ್ದೆ ಹೋಗುತ್ತಿದ್ದಳು. ಆದರೆ ಬೆಳಗಾದರೆ ಆ ಹಾಸಿಗೆಗೆ ಗಾಳಿ ಬೇಕು. ಈಗ ತೋರಿಸುವುದಕ್ಕೆ ಎಂಬ ನೆಪ ಸಿಕ್ಕಿದ ಮೇಲೆ ಕದ ತೆರೆದಿಡಲು ಹೆದರಬೇಕಾಗಿರಲಿಲ್ಲ.

ನೆಪ ನಿಲ್ಲಬೇಕಾದರೆ ನೋಡುವವರು ಬರಬೇಕಷ್ಟೆ. ಅವರು ಬಂದರು. ಮೇ ತಿಂಗಳಲ್ಲಿ ವಾರಕ್ಕೆ ಒಬ್ಬಿಬ್ಬರು, ಜೂನ್ ಹೊತ್ತಿಗೆ ದಿನಕ್ಕೆ ಒಬ್ಬಿಬ್ಬರು. ಎಲ್ಲರೂ ಅದೇ ಬಗೆಯ ಜನ: ಮೆತ್ತನೆಯ ಬೂಟು, ಬೆನ್ನಿಗೊಂದು ಚೀಲ, ಯಾರಿಗೂ ಗೊತ್ತಿಲ್ಲದ್ದನ್ನು ತಾವು ಕಂಡುಹಿಡಿದೆವೆಂಬ ಹಿಗ್ಗು. ಕ್ಲಾಸಿನಾ ಹಿಂದಿನ ಕೋಣೆಯ ಕಪಾಟಿನಿಂದ ಅಮ್ಮನ ಕಾಲದ, ಕೆಂಡ ಹಾಕಿ ಪಾದ ಬಿಸಿಮಾಡುವ ಪೆಟ್ಟಿಗೆ ತೆಗೆದು ಮಂಚದ ಮುಂದೆ ಇಟ್ಟಳು. ಕಸೂತಿಯ ಒಂದು ನಿದ್ದೆಟೋಪಿಯನ್ನು ದಿಂಬಿನ ಮೇಲೆ ಇಟ್ಟಳು. ಇಲ್ಲಿ ಯಾರು ಮಲಗುತ್ತಿದ್ದರು ಎಂದು ಎಲ್ಲರೂ ಕೇಳುತ್ತಿದ್ದರು. ಒಂದು ದಿನ ಅವಳಿಗೆ ಉತ್ತರವೂ ಹೊಳೆಯಿತು.

"ಲೀಸ್‌ಬೆತ್ ಅಂತ ಒಬ್ಬಳು," ಎಂದಳು. "ಉಣ್ಣೆ ನೂಲೋಳು."

ಲೀಸ್‌ಬೆತ್ ದಿನದಿನಕ್ಕೆ ಬೆಳೆದಳು. ಅವಳು ಮಹಡಿಯಲ್ಲಿ ಉಣ್ಣೆಯ ಮೂಟೆ ಇಟ್ಟಿದ್ದಳು. ವಯಸ್ಸಾದ ಮೇಲೆ ಮಂಡಿ ಹಿಡಿಯಿತು. ಮಳೆ ಬರುವ ಮುಂಚೆ ಒಳಗಿನಿಂದ ಯಾರೋ ಸೂಜಿ ಆಡಿಸಿದಂತೆ ನೋಯುತ್ತಿತ್ತು. ಮೆಟ್ಟಿಲಿನ ಮೊದಲ ಪಟ್ಟಿಯ ಮೇಲೆ ಕಾಲಿಟ್ಟು, ಹಗ್ಗ ಹಿಡಿದು, ಮೇಲೆ ನೋಡಿ, ಮತ್ತೆ ಕಾಲು ತೆಗೆಯುತ್ತಿದ್ದಳು. ಹೇಳಿದರೆ ಮನೆ ಹೋಗುತ್ತದೆಂದು ಯಾರಿಗೂ ಹೇಳಲಿಲ್ಲ. ಇದನ್ನೆಲ್ಲ ಕ್ಲಾಸಿನಾ ಸಾವಕಾಶವಾಗಿ ಹೇಳುತ್ತಿದ್ದಳು, ಜನ ಉಸಿರು ಹಿಡಿದು ಕೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೆ ಅವಳಿಗೆ ಮೈ ಹಗುರಾದಂತೆ ಆಗುತ್ತಿತ್ತು. ಮಗ ವಾರಕ್ಕೊಮ್ಮೆ ಫೋನಿನಲ್ಲಿ ಹೇಗಿದ್ದೀಯ ಎಂದರೆ ಚೆನ್ನಾಗಿದ್ದೀನಿ ಎನ್ನುತ್ತಿದ್ದವಳು, ಗುರುತಿಲ್ಲದವರ ಮುಂದೆ ತನ್ನ ನೋವನ್ನೆಲ್ಲ ಇನ್ನೊಬ್ಬಳ ಹೆಸರಿನಲ್ಲಿ ಬಿಚ್ಚಿಡುತ್ತಿದ್ದಳು.

ಜುಲೈನಲ್ಲಿ ಗೆಂಟ್ ಊರಿನಿಂದ ದೊಡ್ಡ ಛತ್ರಿಯ ಹೆಂಗಸೊಬ್ಬಳು ಬಂದಿದ್ದಳು. ಕಥೆ ಕೇಳಿ ಅವಳ ಕಣ್ಣು ಒದ್ದೆಯಾಯಿತು.

"ಆಮೇಲೆ ಏನಾಯ್ತು ಅವಳಿಗೆ?"

ಕ್ಲಾಸಿನಾಳನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಗೊತ್ತಿಲ್ಲ," ಎಂದಳು.

"ಅಕ್ಕಪಕ್ಕದವರಿಗಾದ್ರೂ ಹೇಳಬಹುದಿತ್ತಲ್ಲ, ಪಾಪ."

"ನಮ್ಮ ಅಕ್ಕಪಕ್ಕದವರನ್ನ ನೀವು ನೋಡಿಲ್ಲ."

"ಯಾಕೆ, ಎಷ್ಟು ಒಳ್ಳೆಯವರು! ಆ ಕೋಲು ಹಿಡ್ಕೊಂಡಿರೋ ಅಮ್ಮನೇ ಅಲ್ವಾ ನನ್ನನ್ನ ಬೀದಿಯಿಂದ ಒಳಗೆ ಕರೆದದ್ದು? ಎರಡನೇ ಮನೆ ನೋಡದೆ ಹೋಗಬೇಡಿ, ಬಾಗಿಲು ತಟ್ಟಿ, ತೆಗೀತಾಳೆ ಅಂದ್ರು."

ಕ್ಲಾಸಿನಾ ಆಕೆಯನ್ನು ಕಳಿಸಿ ಸೀದಾ ಏಳನೇ ಮನೆಯ ಮುಂದೆ ಹೋಗಿ ನಿಂತಳು. ಆಲೈದಾ ಬಾಗಿಲ ಪಕ್ಕದ ಬೆಂಚಿನ ಮೇಲೆ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದಳು.

"ಕಂಡ ಕಂಡವರನ್ನೆಲ್ಲ ನನ್ನ ಮನೆಗೆ ಅಟ್ಟುತಾ ಇರೋದು ನೀನೇನೇ?"

"ಹೌದು."

"ಇಲ್ಲ ಅಂತಾದ್ರೂ ಅನ್ನಬಾರದೇನೇ!"

"ಯಾಕನ್ನಲಿ? ನಿನ್ನ ಮನೆ ಒಳಗೆ ಹೋದ್ರೆ ನನ್ನ ಕಿಟಕಿಗೆ ಮೂಗು ಒತ್ತಲ್ಲ. ಹೋದ ವರ್ಷ ಒಬ್ಬ ನಾನು ಸೂಪು ಕುಡಿಯೋ ಫೋಟೋ ತೆಗೆದ."

"ವಠಾರಕ್ಕೆ ಹೊರಗಿನವರು ಬರಬಾರದು ಅಂತ ಧರ್ಮದರ್ಶಿಗಳ ಹತ್ರ ಕೂಗಾಡಿದ್ದು ಯಾರು?"

"ನಾನೇ. ನನ್ನ ಮಾತು ಅವರು ಕೇಳಿದ್ರಾ? ಇಲ್ವಲ್ಲ. ಬರೋರು ಬಂದೇ ಬರ್ತಾರೆ. ನೀನೇ ತಾನೆ ತೋರಿಸೋಕೆ ಅಂತ ಹಾಸಿಗೆ ಹಾಸಿರೋದು?" ಆಲೈದಾ ಒಂದು ಕಾಯಿಯನ್ನು ಚಟಕ್ಕೆಂದು ಮುರಿದಳು. "ಅಥವಾ ಬೇರೆ ಏನಾದ್ರೂ ಇದೆಯಾ?"

"ಬೇರೆ ಏನಿರುತ್ತೆ?"

"ಏನಿರುತ್ತೆ. ಹೋಗು, ನಿನ್ನ ಮನೆ ಮುಂದೆ ಇಬ್ಬರು ಜರ್ಮನ್ನರು ನಿಂತಿದಾರೆ."

ಕ್ಲಾಸಿನಾ ಗೊಣಗುತ್ತ ಬಂದಳು. ಆದರೆ ಆಲೈದಾಳ ಆ ಕೊನೆಯ ಪ್ರಶ್ನೆ ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಕೂತಿತು.

ಆಗಸ್ಟ್ ತಿಂಗಳ ಒಂದು ಶನಿವಾರ ಸಂತೆಗೆ ಹೋದವಳು ಮೋಡ ಕವಿದದ್ದು ನೋಡಿ ಬೇಗ ಹಿಂದಿರುಗಿದಳು. ವಠಾರಕ್ಕೆ ಬರಲು ಬೀದಿಯಿಂದ ಒಂದು ಇಕ್ಕಟ್ಟಾದ ಓಣಿ. ಅದರ ತುದಿಯಲ್ಲಿ ಅಂಗಳ ಕಾಣುತ್ತದೆ. ಅಲ್ಲಿ ಅವಳು ಹಾಗೇ ನಿಂತುಬಿಟ್ಟಳು. ಏಳನೇ ಮನೆಯ ಕಿಟಕಿಯ ಅಂಚಿನ ಮೇಲೆ, ಅಡಿಗೆಮನೆಯ ಸ್ಟೂಲಿನಿಂದ ಹತ್ತಿ, ಆಲೈದಾ ನಿಂತಿದ್ದಳು. ಒಂದು ಕೈಯಲ್ಲಿ ಚೌಕಟ್ಟು, ಇನ್ನೊಂದರಲ್ಲಿ ಒದ್ದೆ ಬಟ್ಟೆ. ತುದಿಗಾಲಲ್ಲಿ ನಿಂತು ಮೇಲಿನ ಗಾಜು ತಿಕ್ಕುತ್ತ ಏನೋ ಹಾಡಿಕೊಳ್ಳುತ್ತಿದ್ದಳು. ತಿಕ್ಕಿದ್ದಾದ ಮೇಲೆ ಎಂಬತ್ತು ವರ್ಷದ ಆ ಹೆಂಗಸು ಸ್ಟೂಲನ್ನೂ ಬಳಸದೆ ಅಂಗಳಕ್ಕೆ ಟಣ್ಣನೆ ಹಾರಿದಳು. ಕೋಲು ಎಲ್ಲೂ ಕಾಣಲಿಲ್ಲ.

ಕ್ಲಾಸಿನಾ ಮೆಲ್ಲಗೆ ಓಣಿಯಲ್ಲಿ ಹಿಂದಕ್ಕೆ ಸರಿದಳು. ಓಣಿಯ ಬೀದಿಬಾಗಿಲನ್ನು ಇನ್ನೊಮ್ಮೆ ಜೋರಾಗಿ ಹಾಕಿ, ಕೆಮ್ಮಿ, ಸಂತೆಯ ಕೈಗಾಡಿಯ ಚಕ್ರಗಳನ್ನು ಕಲ್ಲಿಗೆ ಬಡಿಸುತ್ತ ಬಂದಳು. ಅವಳು ಅಂಗಳ ಮುಟ್ಟುವಷ್ಟರಲ್ಲಿ ಆಲೈದಾ ಬಾಗಿಲಿಗೆ ಒರಗಿ ಎರಡೂ ಕೈಯಲ್ಲಿ ಕೋಲು ಹಿಡಿದಿದ್ದಳು.

"ಅಬ್ಬಾ, ಈ ಸೊಂಟ," ಎಂದಳು. "ಮಳೆ ಬರುತ್ತೆ ನೋಡು."

"ಪಾಪ," ಎಂದಳು ಕ್ಲಾಸಿನಾ.

ಮನೆಗೆ ಬಂದು ಕುರ್ಚಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೆ ಯೋಚನೆ ಬಂತು. ಆಲೈದಾಳ ಮೂಳೆ ಎಂದೋ ಕೂಡಿಕೊಂಡಿದೆ. ಅದು ತಿಳಿದರೆ ಮೆಟ್ಟಿಲಿಲ್ಲದ ಮನೆ ಅವಳಿಂದ ತೆಗೆದು ಬೇಕಾದವರಿಗೆ ಕೊಡುತ್ತಾರೆ. ಅದಕ್ಕೇ ಆ ಕೋಲು. ಧರ್ಮದರ್ಶಿಗಳಿಗೆ ತಾನು ಒಂದು ಮಾತು ಹೇಳಿದರೆ ಸಾಕು, ಏಳನೇ ಮನೆ ಖಾಲಿಯಾಗುತ್ತದೆ. ಆಗ ಮಂಡಿಯ ವಿಷಯ ಹೇಳಿಕೊಂಡರೂ ವೃದ್ಧಾಶ್ರಮದ ಭಯವಿಲ್ಲ.

ಆ ಮಾತನ್ನು ಕ್ಲಾಸಿನಾ ಒಂದು ವಾರ ಬಾಯಲ್ಲಿ ಇಟ್ಟುಕೊಂಡು ತಿರುಗಿದಳು. ಎರಡು ಸಲ ಫೋನಿನ ಹತ್ತಿರವೂ ಹೋದಳು. ಸುಳ್ಳು ಹೇಳಿದವಳಿಗೆ ಬೇರೆ ಮನೆ ಕೊಡುತ್ತಾರೋ ಇಲ್ಲವೋ ಯಾರಿಗೆ ಗೊತ್ತು. ಈ ವಯಸ್ಸಿನಲ್ಲಿ ಆಲೈದಾ ಎಲ್ಲಿಗೆ ಹೋದಾಳು? ಮುಖ ನೋಡಿದರೆ ಕೊಂಕು ಆಡುತ್ತಾಳೆ, ನಿಜ. ಆದರೆ ಆ ಕೊಂಕು ಇಲ್ಲದ ಅಂಗಳವನ್ನು ಕ್ಲಾಸಿನಾ ಮನಸ್ಸಿನಲ್ಲಿ ಚಿತ್ರಿಸಿಕೊಂಡು ನೋಡಿದಳು. ಅದು ಫೆಮ್ಮಿಯ ವೃದ್ಧಾಶ್ರಮದ ಹಾಗೇ ಕಂಡಿತು. ಫೋನು ಮುಟ್ಟಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಧರ್ಮದರ್ಶಿಗಳ ಹಿರಿಯಳಾದ ಹಾಸ್ನೂಟ್ ಅಮ್ಮ ತಾನೇ ಬಂದಳು. ಮೂವತ್ತು ವರ್ಷ ಹಲ್ಲಿನ ಡಾಕ್ಟರಾಗಿದ್ದ ಹೆಂಗಸು, ಕೆಟ್ಟವಳಲ್ಲ, ಆದರೆ ಎದುರಿಗಿರುವವರ ಬಾಯಿ ಬಿಡಿಸದೆ ಬಿಡುತ್ತಿರಲಿಲ್ಲ. ಊರಿನ ಹಳೆಯ ಕಟ್ಟಡಗಳನ್ನೆಲ್ಲ ತೆರೆದು ತೋರಿಸುವ ದಿನ ಹತ್ತಿರ ಬಂದಿತ್ತು.

"ನಿಮ್ಮ ಗೋಡೆಮಂಚದ ಸುದ್ದಿ ನನ್ನ ಕಿವಿಗೂ ಬಿತ್ತು ಕ್ಲಾಸಿನಾ," ಎನ್ನುತ್ತ ಕೂತಳು. "ಯಾರೂ ಹೇಳದೇನೇ ಇಷ್ಟು ಮಾಡಿದ್ದೀರಿ. ಆ ಲೀಸ್‌ಬೆತ್ ಹೆಸರಲ್ಲಿ ಓಣಿಯ ಬಾಯಲ್ಲಿ ಒಂದು ಫಲಕ ಹಾಕೋಣ ಅಂತ ಇದೆ. ಅವಳ ಕಥೆ ಒಂದ್ಸಲ ಹೇಳಿ."

ಹೇಳದೆ ಇರುವಂತಿರಲಿಲ್ಲ. ಕಿಟಕಿ ತೆರೆದಿತ್ತು, ಹೊರಗೆ ಆಲೈದಾ ಜೆರೇನಿಯಂ ಕುಂಡಗಳನ್ನು ನೋಡುವ ನೆಪದಲ್ಲಿ ನಿಂತಿದ್ದಳು. ಕ್ಲಾಸಿನಾ ಕಥೆ ಹೇಳಿದಳು. ಇಷ್ಟು ದಿನ ನೀರಿನಂತೆ ಬರುತ್ತಿದ್ದ ಮಾತು ಇವತ್ತು ತಡೆದು ತಡೆದು ಬಂತು. ಹಾಸ್ನೂಟ್ ಅಮ್ಮ ತಲೆ ಒಂದು ಕಡೆಗೆ ವಾಲಿಸಿ ಕೇಳಿದಳು.

"ಉಣ್ಣೆ ಮೂಟೆ ಇಟ್ಟಿದ್ದು ಮೇಲಿನ ಕೋಣೆಯಲ್ಲೋ? ಅದನ್ನೂ ತೋರಿಸಬಹುದಲ್ಲ. ಬನ್ನಿ, ನೋಡೋಣ."

"ಮೇಲೇನಿಲ್ಲ ಅಮ್ಮಾವ್ರೇ. ನನ್ನ ಹಾಸಿಗೆ, ಬಟ್ಟೆ, ಅಷ್ಟೇ."

"ನೀವು ಕೂತಿರಿ, ನಾನೇ ನೋಡ್ಕೊಂಡು ಬರ್ತೀನಿ."

ತಡೆಯುವಷ್ಟರಲ್ಲಿ ಅವಳು ಹಗ್ಗ ಹಿಡಿದಾಗಿತ್ತು. ತಲೆಯ ಮೇಲೆ ಹಲಗೆಗಳು ಕಿರುಗುಟ್ಟಿದವು. ಆಮೇಲೆ ಸದ್ದು ನಿಂತಿತು. ಕ್ಲಾಸಿನಾ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಳು. ಮೇಲೆ ಒಂಬತ್ತು ತಿಂಗಳ ಧೂಳಿದೆ. ಹೊಸ್ತಿಲನ್ನೂ ದಿನಾ ತೊಳೆಯುವ ಆ ಊರಿನಲ್ಲಿ ಮಲಗುವ ಕೋಣೆಯಲ್ಲಿ ಬೆರಳು ಹೂತುಹೋಗುವಷ್ಟು ಧೂಳು ಬಿಡುವ ಹೆಂಗಸು ಇಲ್ಲ. ಇನ್ನು ಮುಚ್ಚಿಡುವಂಥದ್ದು ಏನೂ ಉಳಿದಿರಲಿಲ್ಲ.

ಹಾಸ್ನೂಟ್ ಅಮ್ಮ ಇಳಿದು ಬಂದಳು. ಕೂದಲಿಗೆ ಜೇಡರಬಲೆ ಅಂಟಿತ್ತು, ಅಂಗೈ ಬೂದಿ ಬಣ್ಣವಾಗಿತ್ತು. ಅದನ್ನು ಒರಸಿಕೊಳ್ಳದೆ ಕ್ಲಾಸಿನಾಳ ಎದುರಿಗೆ ಕೂತಳು.

"ಆ ಲೀಸ್‌ಬೆತ್‌ಗೆ ಈಗ ವಯಸ್ಸೆಷ್ಟು ಕ್ಲಾಸಿನಾ?"

"ಎಪ್ಪತ್ತಾರು," ಎಂದಳು ಕ್ಲಾಸಿನಾ.

ಹಾಸ್ನೂಟ್ ಅಮ್ಮ ಈಗ ಅಂಗೈ ಒರಸಿಕೊಂಡಳು.

"ಯಾವಾಗಿಂದ?"

"ಡಿಸೆಂಬರಿಂದ. ಕೆಳಗಿನದೆಲ್ಲ ನಾನೇ ಮಾಡ್ಕೋತೀನಿ ಅಮ್ಮಾವ್ರೇ. ಅಡಿಗೆ, ಸಂತೆ, ಬಟ್ಟೆ. ಮೆಟ್ಟಿಲೊಂದೇ ಆಗಲ್ಲ."

"ಕಟ್ಟಳೆ ನಿಮಗೆ ಗೊತ್ತಿದೆ."

"ಗೊತ್ತಿದೆ."

"ನನಗೂ ಬೇಜಾರೇ. ಮೆಟ್ಟಿಲಿಲ್ಲದ ಮನೆ ಖಾಲಿ ಇದ್ದಿದ್ರೆ..."

ಮುಂಬಾಗಿಲು ದಬಕ್ಕೆಂದು ತೆರೆಯಿತು. ಆಲೈದಾ ಒಳಗೆ ಬಂದಳು. ಬಂದವಳು ಕೋಲನ್ನು ಕಾಫಿ ಲೋಟಗಳ ನಡುವೆ ಮೇಜಿನ ಮೇಲೆ ಅಡ್ಡ ಇಟ್ಟಳು. ಮೆಟ್ಟಿಲಿನ ಹತ್ತಿರ ಹೋಗಿ, ಹಗ್ಗವನ್ನೂ ಮುಟ್ಟದೆ, ಬೆಕ್ಕಿನಂತೆ ಮೇಲಕ್ಕೆ ಹತ್ತಿದಳು. ಮೇಲಿನಿಂದ ಸೀನುವ ಸದ್ದು ಕೇಳಿತು. ಹಾಗೇ ಕೆಳಕ್ಕೆ ಇಳಿದಳು.

"ಥೂ, ಏನು ಧೂಳೇ!" ಎಂದಳು. ಆಮೇಲೆ ಹಾಸ್ನೂಟ್ ಅಮ್ಮನ ಕಡೆಗೆ ತಿರುಗಿದಳು. "ನೋಡಿದ್ರಲ್ಲ. ನನ್ನ ಸೊಂಟ ಸರಿಹೋಗಿ ಹತ್ತು ವರ್ಷ ಆಯ್ತು. ಹೇಳಿದ್ರೆ ಎಲ್ಲಿ ಮನೆ ಬಿಡಿಸ್ತೀರೋ ಅಂತ ಹೇಳಲಿಲ್ಲ. ಅವಳನ್ನ ನನ್ನ ಮನೆಗೆ ಹಾಕಿ, ನನ್ನ ಇಲ್ಲಿಗೆ ಹಾಕಿ. ಇಬ್ಬರನ್ನೂ ಓಡಿಸ್ತೀರೋ, ಓಡಿಸಿ."

ಕ್ಲಾಸಿನಾಳ ಕಣ್ಣು ತುಂಬಿತು. "ಆಲೈದಾ, ನನಗೋಸ್ಕರ ನೀನು..."

"ನಿನಗೋಸ್ಕರ ಅಂತ ಯಾರಂದ್ರು? ನನಗೆ ಬಿಸಿಲು ಬೇಕು. ಆ ಮೂಲೇಲಿ ಕೂತು ಕೂತು ಅಣಬೆ ಆಗಿದೀನಿ. ನಿನ್ನ ಕಿಟಕಿ ನೋಡಿ ನೋಡಿ ನನ್ನ ಹೊಟ್ಟೆ ಎಷ್ಟು ಉರಿದಿದೆ ಗೊತ್ತಾ?"

"ನನ್ನ ಮಂಡಿ ವಿಷಯ ನಿನಗೆ ಯಾವಾಗ ತಿಳೀತು?"

"ಜನವರಿ. ಸಂಜೆಯಾದ್ರೆ ನಿನ್ನ ಮೇಲಿನ ಕಿಟಕೀಲಿ ದೀಪ ಹತ್ತೋದು ನಿಂತುಹೋಯ್ತು. ಮೊದಲು ಜಿಪುಣಿ ಆದ್ಲು ಅಂದ್ಕೊಂಡೆ. ಏಪ್ರಿಲಲ್ಲಿ ಆ ಉದ್ದನೆಯವನು ಬಂದ ದಿನ ಗೊತ್ತಾಯ್ತು."

"ಗೊತ್ತಿದ್ದೂ ಜನರನ್ನ ಕಳಿಸ್ತಾ ಇದ್ಯಾ?"

"ಮತ್ತೆ? ತೋರಿಸೋಕೆ ಅಂತ ಸುಳ್ಳು ಹೇಳಿದ್ಯಲ್ಲ, ನೋಡೋಕೆ ಒಬ್ಬರಾದ್ರೂ ಬೇಡ್ವಾ ಅದಕ್ಕೆ?"

ಕ್ಲಾಸಿನಾ ಕರವಸ್ತ್ರ ತೆಗೆದು ಮೂಗು ಒರಸಿಕೊಂಡಳು. "ನೀನು ಗಾಜು ತೊಳೆಯುವಾಗ ಅಷ್ಟು ಮೇಲಿಂದ ಹಾರಬೇಡ ಮಾರಾಯ್ತಿ," ಎಂದಳು. "ಮತ್ತೆ ಮುರಿದುಕೊಂಡೀಯ."

ಆಲೈದಾ ಗಕ್ಕನೆ ಅವಳ ಕಡೆಗೆ ತಿರುಗಿದಳು. "ನೋಡಿದ್ಯಾ?" ಎಂದಳು. "ನೋಡಿದ್ದೂ ಹೇಳಲಿಲ್ವಾ?"

"ಹೇಳಲಿಲ್ಲ."

ಹಾಸ್ನೂಟ್ ಅಮ್ಮ ಕಾಫಿಯ ಲೋಟ ಪಕ್ಕಕ್ಕೆ ಸರಿಸಿದಳು. "ಹತ್ತೋಕೆ ಆಗದವಳು ಆಗುತ್ತೆ ಅಂತೀರಿ. ಆಗೋಳು ಆಗಲ್ಲ ಅಂತೀರಿ. ಇಂಥ ಇಬ್ಬರು ಸುಳ್ಳುಗಾತಿಯರನ್ನ ನಾನು ಹಲ್ಲು ಕೀಳೋ ಕುರ್ಚಿ ಮೇಲೆ ಕೂರಿಸಿದವರಲ್ಲೂ ನೋಡಿಲ್ಲ," ಎಂದಳು. ಆಮೇಲೆ, "ಇದು ನಾನೊಬ್ಬಳೇ ತೀರ್ಮಾನ ಮಾಡೋ ವಿಷಯ ಅಲ್ಲ. ಉಳಿದಿಬ್ಬರು ಧರ್ಮದರ್ಶಿಗಳನ್ನ ಕೇಳಬೇಕು. ಅಲ್ಲಿವರೆಗೆ ಕ್ಲಾಸಿನಾ ಇಲ್ಲೇ ಇರಲಿ," ಎಂದು ಎದ್ದಳು. ಫಲಕದ ಮಾತನ್ನು ಎತ್ತಲೇ ಇಲ್ಲ.

ಆ ತಿಂಗಳು ಕ್ಲಾಸಿನಾಳಿಗೆ ಉದ್ದವಾಗಿ ಕಂಡಿತು. ಬಾಗಿಲು ತಟ್ಟಿದವರಿಗೆ ಮಂಚ ತೋರಿಸಿದಳು. ಯಾರು ಮಲಗುತ್ತಿದ್ದರು ಎಂದು ಕೇಳಿದರೆ, "ನಾನೇ," ಎಂದು ಹೇಳಿಬಿಡುತ್ತಿದ್ದಳು. ಜನ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಸಂಜೆ ಆಲೈದಾ ಬಂದು ಮಹಡಿಗೆ ಹತ್ತಿ ಒಂದೊಂದು ಮೂಲೆಯಾಗಿ ಧೂಳು ತೆಗೆಯುತ್ತಿದ್ದಳು. ತೀರ್ಮಾನ ಏನಾದರೂ ಆಗಲಿ, ಇಂಥ ಕೊಳಕು ತನ್ನ ಕಣ್ಣೆದುರಿಗೆ ಇರಕೂಡದು ಎಂದು ಮೇಲಿನಿಂದಲೇ ಕೂಗುತ್ತಿದ್ದಳು. ಕೋಲನ್ನು ತರುವುದು ಬಿಟ್ಟಿದ್ದಳು.

ಅಕ್ಟೋಬರ್ ಮೂರು ಲೈಡನ್ ಊರಿಗೆ ದೊಡ್ಡ ದಿನ. ಹಿಂದೆ ಮುತ್ತಿಗೆ ಹಾಕಿದ ಶತ್ರುಗಳು ಓಡಿಹೋದ ದಿನ ಅದು. ಬೆಳಿಗ್ಗೆ ಹೆರಿಂಗ್ ಮೀನು, ಬಿಳಿ ರೊಟ್ಟಿ. ಮಧ್ಯಾಹ್ನ ಕ್ಯಾರೆಟ್ಟು, ಈರುಳ್ಳಿ, ಆಲೂಗಡ್ಡೆ ಬೇಯಿಸಿ ಹಿಸುಕಿದ ಪಲ್ಯ. ವಠಾರದಲ್ಲಿ ಆ ದಿನ ಅಂಗಳಕ್ಕೆ ಉದ್ದ ಮೇಜು ಹಾಕುತ್ತಾರೆ, ಧರ್ಮದರ್ಶಿಗಳೂ ಬಂದು ಕೂರುತ್ತಾರೆ. ಕ್ಲಾಸಿನಾ ತಟ್ಟೆ ಮುಂದಿಟ್ಟುಕೊಂಡು ಒಂದು ತುತ್ತನ್ನೂ ಎತ್ತಿರಲಿಲ್ಲ.

ಹಾಸ್ನೂಟ್ ಅಮ್ಮ ಚಮಚದಿಂದ ಲೋಟ ತಟ್ಟಿದಳು. "ಏಳನೇ ಮನೆಯವರೂ ಎರಡನೇ ಮನೆಯವರೂ ಮನೆ ಬದಲಾಯಿಸಿಕೊಳ್ಳಬಹುದು," ಎಂದಳು. "ಮೂವರೂ ಒಪ್ಪಿದ್ದೇವೆ. ಆದರೆ ಒಂದು ಮಾತು. ಗೋಡೆಮಂಚ ನೋಡೋಕೆ ಜನ ಬರೋದು ರೂಢಿಯಾಗಿದೆ. ಎರಡನೇ ಮನೇಲಿ ಯಾರಿರ್ತಾರೋ ಅವರು ಶನಿವಾರ ಮಧ್ಯಾಹ್ನ ಬಾಗಿಲು ತೆಗೆದು ತೋರಿಸಬೇಕು."

"ಯಾರು, ನಾನಾ?" ಆಲೈದಾ ಎದ್ದೇ ನಿಂತಳು. "ಆ ಚೀಲದವರನ್ನ ಒಳಗೆ ಬಿಟ್ಕೊಂಡು ಕೂರೋಕೆ ನನಗೇನು ಹುಚ್ಚಾ?"

"ಬಿಸಿಲು ಬೇಡ್ವಾ?" ಎಂದಳು ಕ್ಲಾಸಿನಾ.

ಮೇಜಿನ ಸುತ್ತ ಎಲ್ಲರೂ ನಕ್ಕರು. ಆಲೈದಾ ಕೂತಳು. "ಕಾಫಿ ಕೊಡಲ್ಲ," ಎಂದಳು. "ನೋಡಿಕೊಂಡು ಹೋಗಲಿ." ಕ್ಲಾಸಿನಾ ಆಗ ತಟ್ಟೆ ಹತ್ತಿರ ಎಳೆದುಕೊಂಡಳು. ಪಲ್ಯ ಆರಿಹೋಗಿತ್ತು. ಆದರೂ ಎರಡನೇ ಸಲ ಹಾಕಿಸಿಕೊಂಡು ಉಂಡಳು.

ಸಾಮಾನು ಸಾಗಿಸುವ ದಿನ ಮಗ ಬಂದಿದ್ದ, ವಠಾರದ ಹೆಂಗಸರೆಲ್ಲ ಸೇರಿದ್ದರು. ಮೆಟ್ಟಿಲಲ್ಲಿ ಮಂಚ, ಪೆಟ್ಟಿಗೆ ಇಳಿಯುವಂತಿರಲಿಲ್ಲ. ಸೂರಿನ ತೊಲೆಗೆ ಹಗ್ಗ ಕಟ್ಟಿ ಮೇಲಿನ ಕಿಟಕಿಯಿಂದಲೇ ಇಳಿಸಿದರು. ಮೇಲೆ ನಿಂತು ಕೂಗಾಡುತ್ತಿದ್ದವಳು ಆಲೈದಾ. ಡಿಸೆಂಬರಿನಿಂದ ಕಾಣದ ತನ್ನ ವಸ್ತುಗಳು ಒಂದೊಂದಾಗಿ ಆಕಾಶದಿಂದ ಇಳಿದು ಬರುವುದನ್ನು ಕ್ಲಾಸಿನಾ ಅಂಗಳದ ನಡುವೆ ಕುರ್ಚಿ ಹಾಕಿಕೊಂಡು ನೋಡಿದಳು. ಬರೆಂಡನ ಕೋಟಿನ ಪೆಟ್ಟಿಗೆ ಬಂತು, ಕನ್ನಡಿ ಬಂತು, ಮದುವೆಯಲ್ಲಿ ಕೊಟ್ಟ ಗಡಿಯಾರ ಬಂತು.

"ಇದೇನೇ, ಇಷ್ಟು ಭಾರ! ಕಲ್ಲು ತುಂಬಿದೀಯಾ?" ಎಂದು ಆಲೈದಾ ಕೂಗಿದಳು.

"ಮೆತ್ತಗೆ ಇಳಿಸೇ, ಅದು ನನ್ನ ಅತ್ತೆ ಕೊಟ್ಟ ಪಿಂಗಾಣಿ!"

"ಅತ್ತೆ ಕೊಟ್ಟದ್ದಾದ್ರೆ ಒಡೆದ್ರೇನೀಗ?"

ಅಷ್ಟರಲ್ಲಿ ಓಣಿಯಿಂದ ನಾಲ್ಕು ಜನ ಅಂಗಳಕ್ಕೆ ಬಂದು, ನೇತಾಡುತ್ತಿದ್ದ ಪೆಟ್ಟಿಗೆಯ ಕೆಳಗೆ ನಿಂತು ಬಾಯಿ ತೆರೆದು ನೋಡತೊಡಗಿದರು. ಆಲೈದಾ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿದಳು.

"ಏನ್ರೀ ನೋಡ್ತಾ ನಿಂತಿದೀರಿ? ಶನಿವಾರ ಬನ್ನಿ, ಶನಿವಾರ! ಈಗ ಬಂದಿದ್ದೀರಲ್ಲ, ಆ ಪೆಟ್ಟಿಗೆ ಹಿಡೀರಿ!"

ಅವರು ಹಿಡಿದರು. ಏಳನೇ ಮನೆಯ ಒಳಗಿನವರೆಗೂ ಹೊತ್ತುಕೊಂಡು ಹೋಗಿ ಇಟ್ಟರು. ಅವರ ಹಿಂದೆಯೇ ಕ್ಲಾಸಿನಾ ಮಗನ ತೋಳು ಹಿಡಿದು, ಮಂಡಿ ನೋಯುತ್ತಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತ, ನಿಧಾನವಾಗಿ ಅಂಗಳ ದಾಟಿದಳು. ಹೀಗೆ ಅವಳು ಎರಡನೇ ಮನೆ ಬಿಟ್ಟು ಹೋದದ್ದು ಅಕ್ಟೋಬರ್ ಐದನೇ ತಾರೀಕು, ಗುರುವಾರ.